ತಲೆಬುರುಡೆಯ ಬುಡದಲ್ಲಿ ರಕ್ತನಾಳಗಳು ಒಬ್ಬೊಬ್ಬರಿಗೆ ಒಂದೊಂದು ಥರ: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಆರ್‌ಐ ರಿಪೋರ್ಟಿನಲ್ಲಿ ‘ನಾರ್ಮಲ್ ವೇರಿಯೆಂಟ್’ ಅಂತ ಬರೆದಿದ್ದಾರೆ. ಇದು ಕಾಯಿಲೆಯಾ?

ಅಲ್ಲ. ಆ ಎರಡು ಪದಗಳಲ್ಲಿ ಮೊದಲನೆಯದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಿ: ನಾರ್ಮಲ್. ನಿಮ್ಮ ರಕ್ತನಾಳ ಪುಸ್ತಕದ ಚಿತ್ರದಲ್ಲಿ ಇರುವ ಹಾಗಿಲ್ಲ, ಅಷ್ಟೇ. ನೀವು ಹುಟ್ಟುವ ಮೊದಲೇ ಅದು ಹೀಗಿತ್ತು. ಇಷ್ಟು ವರ್ಷ ತನ್ನ ಕೆಲಸವನ್ನೂ ಮಾಡಿಕೊಂಡು ಬಂದಿದೆ. ಸ್ಕ್ಯಾನ್ ಮಾಡಿಸಿದ್ದು ಬೇರೆ ಯಾವುದೋ ಕಾರಣಕ್ಕೆ ಇರುತ್ತದೆ, ಮಧ್ಯೆ ಈ ಸಾಲು ಕಣ್ಣಿಗೆ ಬೀಳುತ್ತದೆ, ಆ ರಾತ್ರಿ ನಿದ್ದೆ ಹಾಳು. ಈ ಪುಟ ಬರೆಯುತ್ತಿರುವುದೇ ಆ ರಾತ್ರಿಗಾಗಿ.

ಯಾವ ರಕ್ತನಾಳಗಳ ಬಗ್ಗೆ ಮಾತಾಡ್ತಾ ಇದ್ದೀವಿ?

ಮಿದುಳಿಗೆ ರಕ್ತ ತರುವ ದೊಡ್ಡ ಅಪಧಮನಿಗಳು ನಾಲ್ಕು. ಕುತ್ತಿಗೆಯ ಮುಂದೆ, ಎರಡೂ ಬದಿಗೆ ಒಂದೊಂದು ಕರೋಟಿಡ್. ಹಿಂದೆ, ಕುತ್ತಿಗೆಯ ಮೂಳೆಗಳ ಪಕ್ಕದ ತೂತುಗಳಲ್ಲಿ ನುಸುಳಿ ಮೇಲೇರುವ ಎರಡು ವರ್ಟೆಬ್ರಲ್. ಕರೋಟಿಡ್ ಕಿವಿಯ ಹತ್ತಿರದ ಗಟ್ಟಿ ಮೂಳೆಯೊಳಗಿನ ಸುರಂಗದಲ್ಲಿ ಹಾದು ಬುರುಡೆಯೊಳಗೆ ಬರುತ್ತದೆ. ವರ್ಟೆಬ್ರಲ್‌ಗಳು ಬುರುಡೆಯ ತಳದ ದೊಡ್ಡ ಕಿಂಡಿಯಲ್ಲಿ, ಮಿದುಳುಬಳ್ಳಿಯ ಜೊತೆಗೇ ಒಳಗೆ ಬಂದು ಒಂದಾಗುತ್ತವೆ. ಹಾಗೆ ಒಂದಾದ ನಾಳಕ್ಕೆ ಬೇಸಿಲರ್ ಎಂದು ಹೆಸರು. ಉದ್ದ ಸುಮಾರು 3 ಸೆಂಟಿಮೀಟರ್, ಅಗಲ 3ರಿಂದ 4 ಮಿಲಿಮೀಟರ್.

ಮುಂದಿನ ಈ ಜೋಡಿಯನ್ನೂ ಹಿಂದಿನ ಈ ನಾಳವನ್ನೂ ಸಣ್ಣ ಸಣ್ಣ ಕೊಂಡಿಗಳು ಸೇರಿಸುತ್ತವೆ. ಮುಂದೆ ಎಡ-ಬಲ ಸೇರಿಸುವ ಒಂದು ಕೊಂಡಿ, ರಿಪೋರ್ಟಿನಲ್ಲಿ ‘ಎ-ಕಾಮ್’. ಎರಡೂ ಪಕ್ಕದಲ್ಲಿ ಮುಂದು-ಹಿಂದು ಸೇರಿಸುವ ಒಂದೊಂದು ಕೊಂಡಿ, ‘ಪಿ-ಕಾಮ್’. ಎಲ್ಲ ಸೇರಿ ಪಿಟ್ಯುಟರಿ ಗ್ರಂಥಿಯ ತೊಟ್ಟಿನ ಸುತ್ತ ಒಂದು ಬಳೆಯ ಹಾಗೆ ಆಗುತ್ತದೆ. ಇದೇ ಸರ್ಕಲ್ ಆಫ್ ವಿಲ್ಲಿಸ್. ಬಳೆ ಎಂದೆ, ಆದರೆ ಗುಂಡಗೇನೂ ಇಲ್ಲ. ಸೊಟ್ಟಪಟ್ಟ ಬಹುಭುಜ.

ಇಷ್ಟೆಲ್ಲ ಏರ್ಪಾಡು ಯಾಕೆ?

ಮಿದುಳಿನ ತೂಕ ದೇಹದ ತೂಕದಲ್ಲಿ ಬರೀ 2 ಶೇಕಡಾದಷ್ಟು. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು 20 ಶೇಕಡಾ ಅದಕ್ಕೇ ಬೇಕು. ನಿಮಿಷಕ್ಕೆ ಮುಕ್ಕಾಲು ಲೀಟರಿನಷ್ಟು ರಕ್ತ ಅದರೊಳಗೆ ಹರಿಯುತ್ತದೆ. ಹರಿವು ಪೂರ್ತಿ ನಿಂತರೆ ಹತ್ತಿಪ್ಪತ್ತು ಸೆಕೆಂಡಿನೊಳಗೆ ಎಚ್ಚರ ತಪ್ಪುತ್ತದೆ. ಇಷ್ಟು ಹಸಿವಿರುವ ಅಂಗಕ್ಕೆ ಒಂದು ದಾರಿ ಕಟ್ಟಿದರೆ ಇನ್ನೊಂದು ದಾರಿ ಇರಬೇಕಲ್ವಾ? ಬಳೆ ಆ ಇನ್ನೊಂದು ದಾರಿ.

ವಿಲ್ಲಿಸ್ ಅಂದ್ರೆ ಯಾರು?

ಥಾಮಸ್ ವಿಲ್ಲಿಸ್, 1621ರಿಂದ 1675ರವರೆಗೆ ಬದುಕಿದ್ದ ಇಂಗ್ಲಿಷ್ ವೈದ್ಯರು. 1664ರಲ್ಲಿ ಮಿದುಳಿನ ರಚನೆಯ ಬಗ್ಗೆ ಲ್ಯಾಟಿನ್‌ನಲ್ಲಿ ದೊಡ್ಡ ಗ್ರಂಥ ತಂದರು. ಅದಕ್ಕೆ ಚಿತ್ರ ಬರೆದುಕೊಟ್ಟವರಲ್ಲಿ ಮುಂದೆ ದೊಡ್ಡ ವಾಸ್ತುಶಿಲ್ಪಿಯಾದ ಕ್ರಿಸ್ಟೋಫರ್ ರೆನ್ ಕೂಡ ಇದ್ದರು. ಈ ಬಳೆಯನ್ನು ಮೊದಲು ಕಂಡವರು ವಿಲ್ಲಿಸ್ ಅಲ್ಲ. 1658ರಲ್ಲೇ ಯೋಹಾನ್ ಯಾಕೋಬ್ ವೆಪ್ಫರ್ ಇದರ ಬಗ್ಗೆ ಬರೆದಿದ್ದರು. ಆದರೆ ಇದು ಯಾಕಿದೆ ಎಂದು ಹಟ ಹಿಡಿದು ಕೇಳಿದವರು ವಿಲ್ಲಿಸ್. ಒಂದು ಬದಿಯ ಕರೋಟಿಡ್‌ಗೆ ಬಣ್ಣದ ದ್ರವ ಚುಚ್ಚಿದರು, ಅದು ಇನ್ನೊಂದು ಬದಿಯಿಂದ ಹೊರಬಂತು.

ಅವರು ಬರೆದಿಟ್ಟ ಒಂದು ಸಂಗತಿ ನನಗೆ ಬಹಳ ಇಷ್ಟ. ಒಬ್ಬರ ಶವ ಕೊಯ್ದು ನೋಡಿದಾಗ ಒಂದು ಬದಿಯ ಕರೋಟಿಡ್ ಕಲ್ಲಿನ ಹಾಗೆ ಗಟ್ಟಿಯಾಗಿ ಮುಚ್ಚಿಹೋಗಿತ್ತು. ಆದರೂ ಆತನಿಗೆ ಪಾರ್ಶ್ವವಾಯು ಆಗಿರಲಿಲ್ಲ, ಸತ್ತಿದ್ದು ಬೇರೆ ಕಾಯಿಲೆಯಿಂದ. ಅದೇ ಬದಿಯ ವರ್ಟೆಬ್ರಲ್ ನೋಡಿದರೆ ಮಾಮೂಲಿಗಿಂತ ಮೂರು ಪಟ್ಟು ದಪ್ಪ. ಹಿಂದಿನ ನಾಳ ಮುಂದಿನದರ ಕೆಲಸವನ್ನು ಹೊತ್ತುಕೊಂಡಿತ್ತು. ಇವತ್ತು ನಾವು ಸ್ಕ್ಯಾನ್ ನೋಡಿ ಹೇಳುವುದನ್ನೇ ಅವರು 360 ವರ್ಷದ ಹಿಂದೆ ಕಣ್ಣಾರೆ ಕಂಡು ಹೇಳಿದ್ದರು.

ಪುಸ್ತಕದ ಚಿತ್ರದ ಹಾಗೇ ಪೂರ್ತಿ ಬಳೆ ಎಷ್ಟು ಜನರಿಗೆ ಇರುತ್ತದೆ?

ಅರ್ಧಕ್ಕಿಂತ ಕಡಿಮೆ ಜನರಿಗೆ. ಯಾವ ನಾಳವನ್ನು ‘ಸಣ್ಣದು’ ಎಂದು ಲೆಕ್ಕ ಹಾಕುತ್ತಾರೆ ಎಂಬುದರ ಮೇಲೆ ಅಂಕಿ ಮೇಲೆ ಕೆಳಗೆ ಆಗುತ್ತದೆ. ಆದರೆ ನೂರಕ್ಕೆ 20ರಿಂದ 50ರೊಳಗೇ ಹೆಚ್ಚಿನ ಲೆಕ್ಕಗಳು ಬಂದು ನಿಲ್ಲುತ್ತವೆ. ಅಂದರೆ ಗೋಡೆಗೆ ತೂಗುಹಾಕಿದ ಆ ಚಂದದ ಚಿತ್ರ ಬಹುಪಾಲು ಜನರ ಚಿತ್ರವೇ ಅಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹೇಳಿದ್ದರೆ ‘ನನ್ನದು ಸರಿಯಿಲ್ಲ’ ಎಂಬ ಗಾಬರಿ ಅರ್ಧ ಇಳಿಯುತ್ತಿತ್ತು.

ಮಿದುಳನ್ನು ಹೊರಗೆ ತೆಗೆದು, ತಲೆಕೆಳಗೆ ಮಾಡಿ ಟ್ರೇಯಲ್ಲಿಟ್ಟು ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಬುಡದ ಮೇಲೆ ಮಬ್ಬಾದ ತೆಳು ಪೊರೆ ಇರುತ್ತದೆ. ಚಿಮಟದ ತುದಿಯಲ್ಲಿ ಅದನ್ನು ಮೆಲ್ಲಗೆ ಎತ್ತಿ ಬಿಡಿಸಬೇಕು. ಮೊದಲು ಬೇಸಿಲರ್ ಕಾಣುತ್ತದೆ, ಕವಲೊಡೆದ ಕಡ್ಡಿಯ ಹಾಗೆ. ಆಮೇಲೆ ಪಕ್ಕದ ಕೊಂಡಿ ಹುಡುಕುತ್ತೀರಿ. ಒಂದು ಬದಿಯಲ್ಲಿ ದಪ್ಪ ದಾರದಷ್ಟು ಇರುತ್ತದೆ. ಇನ್ನೊಂದು ಬದಿಯಲ್ಲಿ ಕೂದಲಿನಷ್ಟು. ಎಷ್ಟೋ ಸಲ ಹೊಸ ವಿದ್ಯಾರ್ಥಿಗಳು ಪೊರೆಯ ಜೊತೆಗೇ ಅದನ್ನೂ ಕಿತ್ತುಬಿಟ್ಟು, ‘ಈ ಬದಿಯಲ್ಲಿ ಕೊಂಡಿ ಇಲ್ಲ’ ಎನ್ನುತ್ತಾರೆ. ಇತ್ತು. ಕೈ ಸ್ವಲ್ಪ ಅವಸರ ಮಾಡಿತು.

ಹೀಗೆ ಒಬ್ಬೊಬ್ಬರಿಗೆ ಒಂದೊಂದು ಥರ ಆಗೋದು ಯಾಕೆ?

ಗರ್ಭದಲ್ಲಿ ರಕ್ತನಾಳಗಳು ನಕ್ಷೆ ನೋಡಿಕೊಂಡು ಬೆಳೆಯುವುದಿಲ್ಲ. ಮೊದಲು ಬೇಕಾದ್ದಕ್ಕಿಂತ ಜಾಸ್ತಿ ದಾರಿಗಳು ಹುಟ್ಟುತ್ತವೆ. ಹರಿವು ಹೆಚ್ಚಿರುವ ದಾರಿ ಅಗಲವಾಗುತ್ತದೆ, ಹರಿವು ಕಡಿಮೆಯಾದ ದಾರಿ ಸೊರಗುತ್ತದೆ ಅಥವಾ ಮಾಯವಾಗುತ್ತದೆ. ಭ್ರೂಣಕ್ಕೆ ನಾಲ್ಕೈದು ವಾರ ಆಗಿರುವಾಗ ಮಿದುಳಿನ ಹಿಂಭಾಗಕ್ಕೂ ಮುಂದಿನ ಕರೋಟಿಡ್‌ನಿಂದಲೇ ರಕ್ತ ಹೋಗುತ್ತಿರುತ್ತದೆ. ಆಮೇಲೆ ವರ್ಟೆಬ್ರಲ್‌ಗಳೂ ಬೇಸಿಲರ್‌ ಕೂಡ ಬಲಿತು ಹಿಂಭಾಗದ ಹೊಣೆ ಹೊರುತ್ತವೆ. ಹಳೆಯ ದಾರಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಈ ಕೈಬದಲಾವಣೆ ಎಲ್ಲಿ ಪೂರ್ತಿ ಆಗುತ್ತದೆ, ಎಲ್ಲಿ ಅರ್ಧಕ್ಕೆ ನಿಲ್ಲುತ್ತದೆ ಎಂಬುದೇ ನಿಮ್ಮ ಬಳೆಯ ಆಕಾರ. ಭ್ರೂಣದ ಈ ಹಂತಗಳನ್ನು ಒಂದೊಂದಾಗಿ ಬಿಡಿಸಿ ಚಿತ್ರ ಬರೆದು ತೋರಿಸಿದವರು ಡಾರ್ಕಸ್ ಪ್ಯಾಜೆಟ್, 1948ರಲ್ಲಿ. ಇವತ್ತಿಗೂ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ.

‘ಫೀಟಲ್ ಟೈಪ್ ಪಿಸಿಎ’ ಅಂತ ಇದೆ. ನನ್ನ ಮಿದುಳು ಬೆಳೆದಿಲ್ಲ ಅಂತಾನಾ?

ಖಂಡಿತ ಅಲ್ಲ. ಈ ಹೆಸರೇ ಎಷ್ಟೋ ಜನರನ್ನು ಸುಮ್ನೆ ಹೆದರಿಸಿದೆ. ಪಿಸಿಎ ಎಂದರೆ ಮಿದುಳಿನ ಹಿಂಭಾಗಕ್ಕೆ, ಮುಖ್ಯವಾಗಿ ನೋಟದ ಭಾಗಕ್ಕೆ, ರಕ್ತ ಒಯ್ಯುವ ಅಪಧಮನಿ. ಸಾಮಾನ್ಯವಾಗಿ ಅದು ಬೇಸಿಲರ್‌ನಿಂದ ಹೊರಡುತ್ತದೆ. ಕೆಲವರಲ್ಲಿ ಗರ್ಭದಲ್ಲಿದ್ದ ಹಳೆಯ ವ್ಯವಸ್ಥೆಯೇ ಉಳಿದು, ಕರೋಟಿಡ್‌ನಿಂದ ದಪ್ಪ ಪಿ-ಕಾಮ್ ಮೂಲಕ ರಕ್ತ ಬರುತ್ತದೆ. ಭ್ರೂಣದ ಕಾಲದ ದಾರಿ ಉಳಿದಿದೆ ಎಂಬುದಕ್ಕೆ ಆ ಹೆಸರು, ಬೇರೇನೂ ಇಲ್ಲ. ನೂರರಲ್ಲಿ 10ರಿಂದ 30 ಜನರಿಗೆ ಒಂದು ಬದಿಯಲ್ಲಾದರೂ ಹೀಗಿರುತ್ತದೆ.

ಇದರಿಂದ ಒಂದು ವ್ಯತ್ಯಾಸ ಆಗುವುದು ನಿಜ. ಕುತ್ತಿಗೆಯ ಕರೋಟಿಡ್‌ನಲ್ಲಿ ಕೊಬ್ಬು ಕಟ್ಟಿ, ಅಲ್ಲಿಂದ ಒಂದು ಚೂರು ಹೆಪ್ಪು ಕಿತ್ತು ಹೋಯಿತು ಅಂದುಕೊಳ್ಳಿ. ಮಾಮೂಲಾಗಿ ಅದು ಮಿದುಳಿನ ಮುಂಭಾಗಕ್ಕೋ ಪಕ್ಕಕ್ಕೋ ಹೋಗುತ್ತದೆ. ಫೀಟಲ್ ಟೈಪ್ ಇದ್ದರೆ ಹಿಂಭಾಗಕ್ಕೂ ಹೋಗಬಹುದು, ಆಗ ಎರಡೂ ಕಣ್ಣಿನ ಒಂದೇ ಬದಿಯ ನೋಟ ಹೋಗುತ್ತದೆ. ವೈದ್ಯರು ತೊಂದರೆಯ ಮೂಲವನ್ನು ಹಿಂದಿನ ನಾಳದಲ್ಲಿ ಹುಡುಕುತ್ತ ಕೂರಬಾರದು, ಮುಂದೆಯೂ ನೋಡಬೇಕು. ಅದಕ್ಕಾಗಿಯೇ ರೇಡಿಯಾಲಜಿಸ್ಟ್ ಇದನ್ನು ಬರೆದಿರುತ್ತಾರೆ.

ಒಂದು ವರ್ಟೆಬ್ರಲ್ ಸಣ್ಣದು, ‘ಹೈಪೋಪ್ಲಾಸ್ಟಿಕ್’ ಅಂತ ಇದೆ. ನನ್ನ ತಲೆಸುತ್ತಿಗೆ ಇದೇ ಕಾರಣವಾ?

ಬಹುತೇಕ ಅಲ್ಲ. ಎರಡೂ ವರ್ಟೆಬ್ರಲ್ ಒಂದೇ ಅಳತೆ ಇರುವವರೇ ಕಡಿಮೆ. ಸುಮಾರು ಅರ್ಧ ಜನರಲ್ಲಿ ಎಡಗಡೆಯದು ದೊಡ್ಡದು. ಸಣ್ಣದು 2 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಆ ಪದ ಬಳಸುತ್ತಾರೆ. ಕೆಲವರಲ್ಲಿ ಅದು ಬೇಸಿಲರ್ ತಲುಪದೆ ಚಿಕ್ಕಮಿದುಳಿಗೆ ಹೋಗುವ ಕವಲಾಗಿಯೇ ಮುಗಿದುಬಿಡುತ್ತದೆ. ದೊಡ್ಡದು ಆರೋಗ್ಯವಾಗಿದ್ದರೆ ಬೇಸಿಲರ್‌ಗೆ ರಕ್ತ ಸಾಲುತ್ತದೆ.

ತಲೆಸುತ್ತಿಗೆ ಒಳಗಿವಿಯ ತೊಂದರೆ, ಬಿಪಿ ಏರಿಳಿತ, ಮೈಗ್ರೇನ್, ಕೆಲವು ಮಾತ್ರೆಗಳು ಇವೇ ಜಾಸ್ತಿ ಕಾರಣ. ಹೊರಳಿ ಮಲಗಿದಾಗ ಅರ್ಧ ನಿಮಿಷ ಕೋಣೆ ತಿರುಗಿದ ಹಾಗಾಗುತ್ತಿದ್ದರೆ ಅದು ಹೆಚ್ಚಾಗಿ ಒಳಗಿವಿಯ ಹರಳು ಜಾಗ ತಪ್ಪಿದ್ದು. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಅದನ್ನು ಸರಿ ಮಾಡಬಹುದು. ಸ್ಕ್ಯಾನಿನಲ್ಲಿ ಕಂಡ ಸಣ್ಣ ನಾಳದ ಮೇಲೆ ತಪ್ಪು ಹೊರಿಸಿ, ಗುಣವಾಗುವ ಕಾಯಿಲೆಯನ್ನು ಹಾಗೇ ಬಿಡುವುದು ನಿಜವಾಗಿ ಬೇಸರದ ಸಂಗತಿ.

ಮುಂದಿನ ‘ಎ-1’ ಸಣ್ಣದಿದೆ ಎಂದರೆ?

ಮಿದುಳಿನ ಮುಂದಿನ ನಡುಭಾಗಕ್ಕೆ, ಅಂದರೆ ಕಾಲಿನ ಚಲನೆ ನೋಡಿಕೊಳ್ಳುವ ಜಾಗಕ್ಕೂ, ರಕ್ತ ಒಯ್ಯುವ ಅಪಧಮನಿಯ ಮೊದಲ ತುಂಡು ಎ-1. ಸುಮಾರು ಹತ್ತರಲ್ಲಿ ಒಬ್ಬರಿಗೆ ಒಂದು ಬದಿಯಲ್ಲಿ ಅದು ಸಣ್ಣದು. ಆಗ ಇನ್ನೊಂದು ಬದಿಯ ಎ-1 ದಪ್ಪವಾಗಿ, ಎ-ಕಾಮ್ ಕೊಂಡಿಯ ಮೂಲಕ ಎರಡೂ ಕಡೆಗೆ ರಕ್ತ ಕೊಡುತ್ತದೆ. ಇಲ್ಲಿ ಸ್ವಲ್ಪ ಗಮನ ಬೇಕು. ಒಂದೇ ಕಡೆಯಿಂದ ಹರಿವು ರಭಸವಾಗಿ ಬಂದು ಎ-ಕಾಮ್ ತಿರುವಿಗೆ ತಾಗುತ್ತದೆ. ಆ ಜಾಗದಲ್ಲಿ ಅನ್ಯೂರಿಸಂ, ಅಂದರೆ ನಾಳದ ಗೋಡೆ ಬಲೂನಿನಂತೆ ಉಬ್ಬುವುದು, ಇರುವವರಲ್ಲಿ ಈ ಎಡ-ಬಲ ವ್ಯತ್ಯಾಸ ಹೆಚ್ಚಾಗಿ ಕಾಣುತ್ತದೆ. ಹಾಗೆಂದು ಎ-1 ಸಣ್ಣದಿರುವ ಎಲ್ಲರಿಗೂ ಅನ್ಯೂರಿಸಂ ಬರುವುದಿಲ್ಲ. ನಿಮ್ಮ ಸ್ಕ್ಯಾನಿನಲ್ಲಿ ಆ ಜಾಗವನ್ನು ನೋಡಿಯೇ ರಿಪೋರ್ಟ್ ಬರೆದಿರುತ್ತಾರೆ. ಅನುಮಾನವಿದ್ದರೆ ‘ಎ-ಕಾಮ್ ಹತ್ತಿರ ಉಬ್ಬು ಏನಾದರೂ ಇದೆಯಾ?’ ಎಂದು ನೇರವಾಗಿ ಕೇಳಿ.

ಪಿ-ಕಾಮ್ ‘ಕಾಣಿಸುತ್ತಿಲ್ಲ’ ಎಂದಿದೆ. ಇಲ್ಲವೇ ಇಲ್ಲ ಅಂತಾನಾ?

ಟ್ರೇ ಮುಂದೆ ಅವಸರ ಮಾಡಿದ ಆ ವಿದ್ಯಾರ್ಥಿಯನ್ನು ನೆನಪಿಸಿಕೊಳ್ಳಿ. ಇಂಜೆಕ್ಷನ್ ಇಲ್ಲದೆ ಮಾಡುವ ಎಂಆರ್ ಆಂಜಿಯೋದಲ್ಲಿ ಕಾಣುವುದು ನಾಳವಲ್ಲ, ಹರಿವು. ರಕ್ತ ನಿಧಾನವಾಗಿ ಹರಿದರೆ, ಅಥವಾ ನಾಳ 1 ಮಿಲಿಮೀಟರಿಗಿಂತ ಸಣ್ಣದಿದ್ದರೆ, ಚಿತ್ರದಲ್ಲಿ ಅದು ಮಾಯ. ಪಿ-ಕಾಮ್‌ನಲ್ಲಿ ಮಾಮೂಲಿ ದಿನಗಳಲ್ಲಿ ಹರಿವು ಕಡಿಮೆಯೇ. ಮುಂದೆ ಹಿಂದೆ ಎರಡೂ ಕಡೆ ಒತ್ತಡ ಸಮವಾಗಿದ್ದರೆ ನಡುವಿನ ಕೊಂಡಿಯಲ್ಲಿ ರಕ್ತ ಓಡಾಡುವುದಕ್ಕೆ ಕಾರಣವೇ ಇಲ್ಲವಲ್ಲ. ಸಿಟಿ ಆಂಜಿಯೋದಲ್ಲಿ ನಾಳದ ಆಕಾರ ಇನ್ನೂ ಚೆನ್ನಾಗಿ ಕಾಣುತ್ತದೆ. ತೊಡೆಯ ಅಥವಾ ಮಣಿಕಟ್ಟಿನ ನಾಳದಿಂದ ಕೊಳವೆ ಹಾಕಿ ಮಾಡುವ ಆಂಜಿಯೋ ಎಲ್ಲಕ್ಕಿಂತ ಸ್ಪಷ್ಟ. ಮಿದುಳಿನ ಆಂಜಿಯೋ ಶುರುವಾದದ್ದು 1927ರಲ್ಲಿ, ಪೋರ್ಚುಗಲ್‌ನ ಎಗಾಸ್ ಮೊನಿಜ್ ಕೈಯಲ್ಲಿ. ಆದರೆ ವೇರಿಯೆಂಟ್ ಒಂದನ್ನು ಖಚಿತ ಮಾಡಿಕೊಳ್ಳಲು ಮಾತ್ರ ಯಾರೂ ಕೊಳವೆ ಹಾಕುವುದಿಲ್ಲ, ಹಾಕಲೂ ಬಾರದು.

‘ಇನ್ಫಂಡಿಬುಲಂ’ ಎಂದರೆ ಅನ್ಯೂರಿಸಂ ಅಲ್ವಾ?

ಅಲ್ಲ. ಪಿ-ಕಾಮ್ ಹುಟ್ಟುವ ಜಾಗದಲ್ಲಿ ನಾಳ ಆಲಿಕೆಯ ಆಕಾರದಲ್ಲಿ ಸ್ವಲ್ಪ ಅಗಲವಾಗಿರುತ್ತದೆ, 3 ಮಿಲಿಮೀಟರ್ ದಾಟುವುದಿಲ್ಲ, ತುದಿಯಿಂದಲೇ ಕೊಂಡಿ ಹೊರಡುತ್ತದೆ. ಕೊಂಡಿ ಕೂದಲಿನಷ್ಟು ಸಣ್ಣದಾಗಿ ಕಾಣದಿದ್ದರೆ ಆಲಿಕೆ ಮಾತ್ರ ಉಬ್ಬಿನಂತೆ ಕಾಣುತ್ತದೆ. ಅನುಮಾನ ಉಳಿದರೆ ಇನ್ನೊಂದು ಬಗೆಯ ಸ್ಕ್ಯಾನ್ ಮಾಡಿಸುತ್ತಾರೆ.

ತುಂಬಾ ಅಪರೂಪದ ವೇರಿಯೆಂಟ್‌ಗಳು ಯಾವುವು?

ಭ್ರೂಣದಲ್ಲಿ ಕರೋಟಿಡ್‌ನಿಂದ ಬೇಸಿಲರ್‌ಗೆ ನೇರ ಸೇತುವೆಗಳು ಇರುತ್ತವೆ. ಕೆಲವರಲ್ಲಿ ಒಂದು ಸೇತುವೆ ಮುಚ್ಚದೆ ಉಳಿಯುತ್ತದೆ. ಅವುಗಳಲ್ಲಿ ಹೆಚ್ಚು ಸಿಗುವುದು ಟ್ರೈಜೆಮಿನಲ್ ಅಪಧಮನಿ. ಪಕ್ಕದಲ್ಲೇ ಸಾಗುವ ಮುಖದ ಸಂವೇದನೆಯ ನರದಿಂದ ಅದಕ್ಕೆ ಆ ಹೆಸರು. ಸಾವಿರಕ್ಕೆ 1ರಿಂದ 6 ಜನರಲ್ಲಿ ಇರುತ್ತದೆ, ಇದ್ದರೂ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಪಿಟ್ಯುಟರಿ ಹತ್ತಿರ ಆಪರೇಷನ್ ಮಾಡುವವರಿಗೆ ಮಾತ್ರ ಮೊದಲೇ ತಿಳಿದಿರಬೇಕು.

ಇನ್ನೊಂದು, ಒಂದು ಬದಿಯ ಒಳ ಕರೋಟಿಡ್, ಅಂದರೆ ಕರೋಟಿಡ್‌ನಲ್ಲಿ ಮಿದುಳಿಗೆ ಹೋಗುವ ಕವಲು, ಹುಟ್ಟಿನಿಂದಲೇ ಇಲ್ಲದಿರುವುದು. ಹತ್ತು ಸಾವಿರದಲ್ಲಿ ಒಬ್ಬರಿಗಿಂತಲೂ ಕಡಿಮೆ. ಇದನ್ನು ಪತ್ತೆ ಮಾಡುವ ದಾರಿ ಚಂದ. ಮೂಳೆಯ ಸುರಂಗ ಕರೋಟಿಡ್ ಸುತ್ತಲೇ ರೂಪುಗೊಳ್ಳುತ್ತದೆ. ನಾಳ ಹುಟ್ಟಲೇ ಇಲ್ಲವಾದರೆ ಸುರಂಗವೂ ಇರುವುದಿಲ್ಲ. ಸುರಂಗ ಇದ್ದು ನಾಳ ಕಾಣದಿದ್ದರೆ ಅದು ಆಮೇಲೆ ಮುಚ್ಚಿಹೋಗಿದೆ ಎಂದರ್ಥ, ಅದು ಕಾಯಿಲೆ. ಹೀಗೆ ನಾಳದ ಪ್ರಶ್ನೆಗೆ ಮೂಳೆ ಉತ್ತರ ಹೇಳುತ್ತದೆ.

ಕಿವಿಯೊಳಗೆ ಡಬ್ ಡಬ್ ಸದ್ದು ಕೇಳಿಸುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಕೆಲವೊಮ್ಮೆ ಇರುತ್ತದೆ. ಕರೋಟಿಡ್ ತನ್ನ ಸುರಂಗ ಬಿಟ್ಟು ನಡುಗಿವಿಯೊಳಗೆ ಹಾದುಹೋಗುವುದು ಅಪರೂಪದ ವೇರಿಯೆಂಟ್. ನಾಡಿಯ ತಾಳಕ್ಕೆ ಸರಿಯಾಗಿ ಸದ್ದು ಕೇಳಿಸಬಹುದು. ಕಿವಿಯ ಡಾಕ್ಟರ್ ನೋಡಿದರೆ ಕಿವಿತಮಟೆಯ ಹಿಂದೆ ಕೆಂಪು ಗಡ್ಡೆಯಂತೆ ಕಾಣುತ್ತದೆ. ಇದು ಗಡ್ಡೆಯೆಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಲು ಹೋದರೆ ಜೀವಕ್ಕೇ ಅಪಾಯ. ಅದಕ್ಕೇ ತಮಟೆಯ ಹಿಂದೆ ಕೆಂಪಗೆ ಏನಾದರೂ ಕಂಡರೆ ಮೊದಲು ಸಿಟಿ, ಆಮೇಲೆ ಮಿಕ್ಕಿದ್ದು. ನಾಡಿಯ ತಾಳದ ಸದ್ದಿಗೆ ಬೇರೆ ಕಾರಣಗಳೂ ಇವೆ, ಆದ್ದರಿಂದ ತೋರಿಸಿಕೊಳ್ಳುವುದು ಒಳ್ಳೆಯದು.

ಹಾಗಾದರೆ ವೇರಿಯೆಂಟ್ ನಿಜವಾಗಿ ಮುಖ್ಯವಾಗುವುದು ಯಾವಾಗ?

ಯಾರಾದರೂ ಆ ನಾಳಕ್ಕೆ ಕೈ ಹಾಕುವಾಗ. ಕುತ್ತಿಗೆಯ ಕರೋಟಿಡ್‌ನಲ್ಲಿ ಕಟ್ಟಿದ ಕೊಬ್ಬು ತೆಗೆಯುವ ಆಪರೇಷನ್ ನೋಡಿ. ಸರ್ಜನ್ ಸ್ವಲ್ಪ ಹೊತ್ತು ಆ ನಾಳವನ್ನು ಕ್ಲಿಪ್ ಹಾಕಿ ಮುಚ್ಚುತ್ತಾರೆ. ಬಳೆ ಪೂರ್ತಿ ಇದ್ದರೆ ಬೇರೆ ದಾರಿಯಿಂದ ರಕ್ತ ಬರುತ್ತದೆ. ಎ-1 ಇಲ್ಲ, ಪಿ-ಕಾಮ್ ಕೂದಲಿನಷ್ಟು ಎಂದಾದರೆ ಆ ಅರ್ಧ ಮಿದುಳು ಆ ಹೊತ್ತಿನಲ್ಲಿ ಒಂಟಿಯಾಗುತ್ತದೆ. ಆಗ ಮಧ್ಯೆ ಒಂದು ಸಣ್ಣ ಕೊಳವೆ ಇಟ್ಟು ರಕ್ತ ಹರಿಸುತ್ತ ಕೆಲಸ ಮಾಡಬೇಕಾಗಬಹುದು. ಮೂಗಿನ ಮೂಲಕ ದುರ್ಬೀನು ಹಾಕಿ ಪಿಟ್ಯುಟರಿ ಗಡ್ಡೆ ತೆಗೆಯುವಾಗಲೂ ಹೀಗೇ. ಅಲ್ಲಿ ಕರೋಟಿಡ್ ಮೇಲಿನ ಮೂಳೆ ಕೆಲವರಲ್ಲಿ ಕಾಗದದಷ್ಟು ತೆಳು, ಕೆಲವರಲ್ಲಿ ಇರುವುದೇ ಇಲ್ಲ. ಎಚ್ಚರಿಕೆಯ ಸರ್ಜನ್ ಹಿಂದಿನ ದಿನವೇ ಸಿಟಿ ಮುಂದಿಟ್ಟುಕೊಂಡು ಆ ಒಂದು ಗೆರೆಯನ್ನು ಹುಡುಕುತ್ತಾರೆ.

ಪಾರ್ಶ್ವವಾಯು ಆದಾಗಲೂ ಮುಖ್ಯ. ಮಿದುಳಿನ ನಡುವಿನ ಥಾಲಮಸ್ ಎಂಬ ಜೋಡಿ ಭಾಗಕ್ಕೆ ಸಾಮಾನ್ಯವಾಗಿ ಎರಡೂ ಬದಿಯಿಂದ ಬೇರೆ ಬೇರೆ ಸಣ್ಣ ನಾಳಗಳು ಹೋಗುತ್ತವೆ. ಕೆಲವರಲ್ಲಿ ಒಂದೇ ನಾಳ ಹೊರಟು ಎರಡಕ್ಕೂ ಹಂಚುತ್ತದೆ. ಅದಕ್ಕೆ ಪರ್ಶರಾನ್ ಅಪಧಮನಿ ಎಂದು ಹೆಸರು. ಅದು ಕಟ್ಟಿದರೆ ಕೈಕಾಲು ಬೀಳುವುದಕ್ಕಿಂತ ಮೊದಲು ವಿಪರೀತ ನಿದ್ದೆ, ಮಂಪರು. ಎಬ್ಬಿಸಿದರೆ ಏಳುತ್ತಾರೆ, ಮತ್ತೆ ಮಲಗುತ್ತಾರೆ. ಮನೆಯವರು ಸುಸ್ತು ಅಂದುಕೊಳ್ಳುತ್ತಾರೆ. ಇದ್ದಕ್ಕಿದ್ದಂತೆ ಹೀಗಾದರೆ ಅದು ಸುಸ್ತಲ್ಲ, ಆಸ್ಪತ್ರೆಗೆ ಓಡಬೇಕು.

ಮೊಯಾಮೊಯಾ ಕೂಡ ವೇರಿಯೆಂಟಾ?

ಅಲ್ಲ, ಅದು ಕಾಯಿಲೆ. ಕರೋಟಿಡ್‌ನ ತುದಿ ವರ್ಷಗಳು ಕಳೆದಂತೆ ಕಿರಿದಾಗುತ್ತ ಹೋಗುತ್ತದೆ. ಬುಡದಲ್ಲಿ ಸಣ್ಣ ನಾಳಗಳ ಬಲೆ ಬೆಳೆದು ಆಂಜಿಯೋದಲ್ಲಿ ಹೊಗೆಯಂತೆ ಕಾಣುತ್ತದೆ. ಜಪಾನಿ ಹೆಸರಿಗೆ ಅರ್ಥ ಅದೇ. ವೇರಿಯೆಂಟ್ ಬದಲಾಗದೆ ಹಾಗೇ ಇರುತ್ತದೆ, ಇದು ಮುಂದುವರಿಯುತ್ತದೆ.

ಮಕ್ಕಳಿಗೂ ಸ್ಕ್ಯಾನ್ ಮಾಡಿಸಬೇಕಾ?

ಮಾಮೂಲಿ ವೇರಿಯೆಂಟ್‌ಗೆ ಬೇಡ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಇಬ್ಬರಿಗೋ ಹೆಚ್ಚು ಜನರಿಗೋ ಅನ್ಯೂರಿಸಂ ಇದ್ದರೆ, ಅಥವಾ ವಂಶದಲ್ಲಿ ಕಿಡ್ನಿ ತುಂಬ ನೀರುಗುಳ್ಳೆಗಳಾಗುವ ಕಾಯಿಲೆ ಇದ್ದರೆ ಮಾತ್ರ ವೈದ್ಯರ ಜೊತೆ ಮಾತಾಡಿ.

ಔಷಧಿ, ಪಥ್ಯ, ವ್ಯಾಯಾಮದಿಂದ ನಾಳ ದೊಡ್ಡದಾಗುತ್ತಾ?

ಇಲ್ಲ. ಆಗಬೇಕಾದ್ದೂ ಇಲ್ಲ. ಆದರೆ ಬಳೆ ಅಪೂರ್ಣ ಇರುವವರಿಗೆ ಇರುವ ದಾರಿಗಳು ಕಟ್ಟದಂತೆ ನೋಡಿಕೊಳ್ಳುವುದು ಇನ್ನೂ ಮುಖ್ಯ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಹಿಡಿತದಲ್ಲಿರಲಿ. ಬೀಡಿ ಸಿಗರೇಟು ಬಿಡಿ. ಸೇದುವುದು ಮತ್ತು ಬಿಪಿ, ಇವೆರಡೇ ಅನ್ಯೂರಿಸಂಗೂ ದೊಡ್ಡ ಶತ್ರುಗಳು.

ಎಲ್ಲ ಪ್ರಾಣಿಗಳಲ್ಲೂ ಹೀಗೇ ಇರುತ್ತಾ?

ಇಲ್ಲ. ಕುರಿ, ಎತ್ತುಗಳಲ್ಲಿ ಬುರುಡೆಯ ಬುಡದಲ್ಲಿ ಸಣ್ಣ ನಾಳಗಳ ದಟ್ಟ ಬಲೆ ಇರುತ್ತದೆ. 2ನೇ ಶತಮಾನದ ಗ್ರೀಕ್ ವೈದ್ಯ ಗೇಲನ್ ಪ್ರಾಣಿಗಳನ್ನು ಕೊಯ್ದು ನೋಡಿ ಮನುಷ್ಯರಿಗೂ ಆ ಬಲೆ ಇದೆ ಎಂದು ಬರೆದರು. ಸಾವಿರಕ್ಕೂ ಹೆಚ್ಚು ವರ್ಷ ಜನ ಅದನ್ನೇ ನಂಬಿದರು. ದೇಹರಚನೆಯ ಪಾಠ ಹೇಳುತ್ತಿದ್ದ ಆಂಡ್ರಿಯಾಸ್ ವೆಸೇಲಿಯಸ್ 1543ರಲ್ಲಿ ಅದು ಮನುಷ್ಯರಲ್ಲಿ ಇಲ್ಲ ಎಂದು ಬರೆದರು. ಅದಕ್ಕೂ ಮೊದಲು, ಇಲ್ಲದ ಬಲೆಯನ್ನು ತೋರಿಸಲು ಪಾಠದ ಹೊತ್ತಿನಲ್ಲಿ ಪ್ರಾಣಿಯ ತಲೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದುದಾಗಿ ಅವರೇ ಒಪ್ಪಿಕೊಂಡಿದ್ದಾರೆ. ಕಣ್ಣೆದುರಿನ ದೇಹಕ್ಕಿಂತ ಪುಸ್ತಕದ ಚಿತ್ರವನ್ನು ಹೆಚ್ಚು ನಂಬುವುದು ಹೊಸದೇನಲ್ಲ.

ಯಾವ ಲಕ್ಷಣ ಕಂಡರೆ ಕಾಯಬಾರದು?

ಬಾಯಿ ಒಂದು ಕಡೆ ವಾಲುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ದಿಢೀರನೆ ನೋಟ ಹೋಗುವುದು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೇ ಲಕ್ಷಣ ಶುರುವಾದ ಸಮಯ ನೆನಪಿಟ್ಟುಕೊಳ್ಳಿ. ಹಿಂದೆಂದೂ ಬರದಂಥ ತಲೆನೋವು ಸಿಡಿಲು ಬಡಿದ ಹಾಗೆ ಬಂದರೆ, ಅಥವಾ ತಲೆನೋವಿನ ಜೊತೆ ಒಂದು ರೆಪ್ಪೆ ಜೋತುಬಿದ್ದು ಆ ಕಣ್ಣಿನ ಪಾಪೆ ದೊಡ್ಡದಾದರೆ, ಅದು ಪಿ-ಕಾಮ್ ಹತ್ತಿರದ ಅನ್ಯೂರಿಸಂ ಇರಬಹುದು. ಹೊರಡುವಾಗ ಹಳೆಯ ರಿಪೋರ್ಟ್ ಜೊತೆಗೆ ಸ್ಕ್ಯಾನಿನ ಸಿಡಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ನಿಮ್ಮ ಬಳೆ ಮೊದಲು ಹೇಗಿತ್ತು ಎಂದು ಗೊತ್ತಿದ್ದರೆ, ಇವತ್ತು ಏನು ಹೊಸದಾಗಿ ಕಟ್ಟಿದೆ ಎಂದು ಅಲ್ಲಿನವರಿಗೆ ಬೇಗ ತಿಳಿಯುತ್ತದೆ.